ಅಳಿಸಿಹೋದ ಮುಖ, ಅಡಿಯಲ್ಲಿ ಯಾರದೋ ಹೆಸರು: ಹಳೆಯ ಚರ್ಚಿನ ಸ್ಮಾರಕ ಕಿಟಕಿಯನ್ನು ಏನು ಮಾಡಬೇಕು?

ಪ್ರಶ್ನೆ: ಬೆಂಗಳೂರಿನ ಹಳೆಯ ದಂಡು ಪ್ರದೇಶದಲ್ಲಿರುವ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಿನ ದಕ್ಷಿಣ ಗೋಡೆಯಲ್ಲಿ ಮೂರು ಕಂಡಿಗಳ ಬಣ್ಣದ ಗಾಜಿನ ಕಿಟಕಿಯೊಂದಿದೆ. ನಡುವೆ ಒಬ್ಬ ಹೆಂಗಸು ಬಡವರಿಗೆ ಬಟ್ಟೆ ಹಂಚುತ್ತಿದ್ದಾಳೆ. ಎಡಕ್ಕೆ ಲಂಗರು ಹಿಡಿದು ನಿಂತವಳು, ಬಲಕ್ಕೆ ಮಕ್ಕಳನ್ನು ಅಪ್ಪಿಕೊಂಡವಳು. ಮೇಲಿನ ದುಂಡು ಗಾಜಿನಲ್ಲಿ ಹಕ್ಕಿಯೊಂದು ತನ್ನ ಎದೆಯನ್ನೇ ಕುಕ್ಕಿಕೊಳ್ಳುತ್ತಿದೆ. ಅದು ಅಶುಭವೆಂದು ನಮ್ಮ ಹಿರಿಯರಲ್ಲಿ ಕೆಲವರು ಹೇಳುತ್ತಾರೆ. ಅಡಿಯಲ್ಲಿ ಇಂಗ್ಲಿಷಿನಲ್ಲಿ ದೇವರ ಮಹಿಮೆಗಾಗಿಯೂ ಕ್ಯಾಪ್ಟನ್ ಒಬ್ಬರ ಹೆಂಡತಿಯ ನೆನಪಿಗಾಗಿಯೂ ಎಂದು ಬರೆದಿದ್ದು, 1884ರಲ್ಲಿ ಆಕೆ ‘ನಿದ್ರೆಹೋದಳು’ ಎಂದಿದೆ. ಕೊನೆಯ ತುಂಡಿನ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿವೆ. ನಡುವಿನ ಹೆಂಗಸಿನ ಮುಖ ಬಹುತೇಕ ಅಳಿಸಿಹೋಗಿದೆ. ಆ ಮನೆತನ ಅಳಿದಾಗ ಮುಖವೂ ಅಳಿಯಿತೆಂಬ ಮಾತು ಸಭೆಯಲ್ಲಿದೆ. ಕೆಳಭಾಗ ಒಳಕ್ಕೆ ಉಬ್ಬಿಕೊಂಡಿದೆ. ಒಬ್ಬ ಗುತ್ತಿಗೆದಾರರು ಎಲ್ಲವನ್ನೂ ಕಿತ್ತು ಅದೇ ಚಿತ್ರವನ್ನು ಹೊಸ ಗಾಜಿನ ಮೇಲೆ ಪ್ರಿಂಟ್ ಮಾಡಿಸೋಣ ಎನ್ನುತ್ತಾರೆ. ಮತ್ತೊಬ್ಬರು ಸಿಲಿಕೋನ್ ಹಾಕಿ ಹೊರಗಿನಿಂದ ಪಾಲಿಕಾರ್ಬೊನೇಟ್ ಹಾಳೆ ಮುಚ್ಚಿದರೆ ಸಾಕೆನ್ನುತ್ತಾರೆ. ಖರ್ಚನ್ನು ನಮ್ಮ ಕುಟುಂಬ ಭರಿಸಲು ಸಿದ್ಧವಿದೆ. ಮೂವತ್ತು ವರ್ಷ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನಮ್ಮ ತಾಯಿಯ ಹೆಸರನ್ನು ಆ ದೊರೆಸಾನಿಯ ಹೆಸರಿದ್ದ ಜಾಗದಲ್ಲಿ ಹಾಕಿಸಬಹುದೇ? ಹಾಗೆ ಮಾಡುವುದು ತಪ್ಪೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಮೊದಲನೆಯದು ಗಾಜು ಮತ್ತು ಸೀಸಕ್ಕೆ ಸೇರಿದ್ದು, ಎರಡನೆಯದು ಹೆಸರಿಗೆ ಸೇರಿದ್ದು. ಕಮಿಟಿಗಳಲ್ಲಿ ಸಾಮಾನ್ಯವಾಗಿ ಮೊದಲನೆಯದನ್ನು ಗುತ್ತಿಗೆದಾರರಿಗೆ ಬಿಟ್ಟು ಎರಡನೆಯದರ ಬಗ್ಗೆ ಮಾತ್ರ ವಾದ ನಡೆಯುತ್ತದೆ. ಆದರೆ ಸ್ಮಾರಕ ಕಿಟಕಿಯಲ್ಲಿ ಇವೆರಡನ್ನೂ ಬೇರ್ಪಡಿಸಲಾಗದು, ಏಕೆಂದರೆ ಅಡಿಬರಹವನ್ನು ನೋಡಿಯೇ ಮೇಲಿನ ಚಿತ್ರವನ್ನು ಆರಿಸಿರುತ್ತಾರೆ. ಆದ್ದರಿಂದ ನಿಮ್ಮ ಕಿಟಕಿಯಲ್ಲಿ ಏನಿದೆ ಎಂಬುದನ್ನು ಮೊದಲು ಓದೋಣ.

ಬಟ್ಟೆ ಹಂಚುತ್ತಿರುವವಳು ದೊರ್ಕ, ಅಂದರೆ ಬೈಬಲಿನ ಅಪೊಸ್ತಲರ ಕೃತ್ಯಗಳು 9ನೆಯ ಅಧ್ಯಾಯದ ತಬಿಥಾ. ಯೊಪ್ಪದಲ್ಲಿ ಆಕೆ ತೀರಿಕೊಂಡಾಗ ವಿಧವೆಯರು ಅಳುತ್ತಾ, ಆಕೆ ಹೊಲಿದುಕೊಟ್ಟ ಅಂಗಿಗಳನ್ನು ಪೇತ್ರನಿಗೆ ತೋರಿಸುತ್ತಾರೆ. ಪೇತ್ರನು ಪ್ರಾರ್ಥಿಸಿ ಆಕೆಯನ್ನು ಎಬ್ಬಿಸುತ್ತಾನೆ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ದಾನಧರ್ಮದಲ್ಲಿ ತೊಡಗಿದ್ದ ಹೆಂಗಸಿನ ನೆನಪಿಗೆ ಕಿಟಕಿ ಮಾಡಿಸುವವರು ಹೆಚ್ಚಾಗಿ ಆರಿಸುತ್ತಿದ್ದ ಚಿತ್ರಗಳಲ್ಲಿ ಇದೂ ಒಂದು. ಅದರಲ್ಲಿ ಆಕೆಯ ಗುಣದ ವರ್ಣನೆಯೂ ಇತ್ತು, ಸತ್ತವಳು ಎದ್ದು ಬಂದ ಕಥೆಯೂ ಇತ್ತು. ದುಃಖದಲ್ಲಿದ್ದ ಗಂಡನಿಗೆ ಎರಡೂ ಬೇಕಿದ್ದವು. ಲಂಗರು ನಿರೀಕ್ಷೆಯ ಗುರುತು, ಇಬ್ರಿಯರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದಿಂದ ಬಂದದ್ದು. ಮಕ್ಕಳನ್ನು ಅಪ್ಪಿಕೊಂಡವಳು ಪ್ರೀತಿ. ನಂಬಿಕೆ, ನಿರೀಕ್ಷೆ, ಪ್ರೀತಿ ಎಂಬ ಮೂವರು ಸಾಮಾನ್ಯವಾಗಿ ಒಟ್ಟಿಗೇ ಬರುತ್ತಾರೆ. ಶಿಲುಬೆಯನ್ನೋ ಪಾನಪಾತ್ರೆಯನ್ನೋ ಹಿಡಿದ ನಂಬಿಕೆ ನಿಮ್ಮ ಕಿಟಕಿಯಲ್ಲಿಲ್ಲ, ಅವಳ ಜಾಗದಲ್ಲಿ ದೊರ್ಕ ನಿಂತಿದ್ದಾಳೆ. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಎಂಬ ಯಾಕೋಬನ ಮಾತು ಯಾರಿಗೋ ನೆನಪಾಗಿರಬೇಕು ಎಂಬುದು ನನ್ನ ಊಹೆ.

ಎದೆ ಕುಕ್ಕಿಕೊಳ್ಳುವ ಹಕ್ಕಿ ಪೆಲಿಕನ್, ಕೊಕ್ಕರೆ ಬೆಳ್ಳೂರಿನಲ್ಲಿ ನಾವು ನೋಡುವ ಹೆಜ್ಜಾರ್ಲೆಯ ಬಳಗದ್ದು. ಹಸಿದ ಮರಿಗಳಿಗೆ ತನ್ನ ರಕ್ತವನ್ನೇ ಕುಡಿಸುತ್ತದೆ ಎಂಬ ಹಳೆಯ ನಂಬಿಕೆಯ ಮೇಲೆ ಅದು ಕ್ರಿಸ್ತನ ಬಲಿದಾನಕ್ಕೂ ಪ್ರಭುಭೋಜನಕ್ಕೂ ಗುರುತಾಯಿತು. ಹೆಜ್ಜಾರ್ಲೆ ನಿಜವಾಗಿ ಹಾಗೆ ಮಾಡುವುದಿಲ್ಲ. ಕೊಕ್ಕಿನ ಚೀಲದಲ್ಲಿ ತಂದ ಮೀನನ್ನು ಮರಿಗಳಿಗೆ ಉಣಿಸುವಾಗ ಕೊಕ್ಕನ್ನು ಎದೆಗೆ ಒತ್ತುವುದನ್ನು ಕಂಡವರು ಕಟ್ಟಿದ ಕಥೆಯಿರಬೇಕು. ಅಶುಭದ ಮಾತಂತೂ ದೂರವೇ ಉಳಿಯಿತು. ಇಂಥ ಹೆಂಗಸೊಬ್ಬಳ ಸ್ಮಾರಕದ ನೆತ್ತಿಯ ಮೇಲೆ ಇದಕ್ಕಿಂತ ಹೊಂದುವ ಚಿತ್ರ ಸಿಗುವುದು ಕಷ್ಟ. ‘ನಿದ್ರೆಹೋದಳು’ ಎಂಬ ಮಾತಂತೂ ನಿಮಗೆ ಹೊಸದಲ್ಲ. ‘ಕರ್ತನಲ್ಲಿ ನಿದ್ರೆಹೋದರು’ ಎಂದು ನಮ್ಮ ಕನ್ನಡ ಸಮಾಧಿಗಲ್ಲುಗಳ ಮೇಲೂ ಬರೆಯುತ್ತೇವೆ.

ಇಂಥ ಕಿಟಕಿಗಳ ಚರಿತ್ರೆ ನಾವು ಎಣಿಸಿಕೊಳ್ಳುವಷ್ಟು ಹಳೆಯದಲ್ಲ. ಮತಸುಧಾರಣೆಯ ನಂತರ ಇಂಗ್ಲೆಂಡಿನಲ್ಲಿ ಚಿತ್ರದ ಕಿಟಕಿಗಳನ್ನು ಒಡೆದದ್ದೇ ಹೆಚ್ಚು; 1840ರ ದಶಕದಲ್ಲಿ ಗಾಥಿಕ್ ಶೈಲಿ ಮರಳಿ ಬಂದಾಗ, ಗೋಡೆಯ ತುಂಬ ಅಮೃತಶಿಲೆಯ ಫಲಕ ಬಡಿಯುವುದಕ್ಕಿಂತ ಒಂದು ಕಿಟಕಿಯನ್ನೇ ಕೊಡುವುದು ಮೇಲೆಂಬ ಅಭಿಪ್ರಾಯ ಬೆಳೆಯಿತು. ಅಲ್ಲಿಂದ ಮೊದಲ ಮಹಾಯುದ್ಧದ ಆಚೆಗೂ ಕುಟುಂಬಗಳು ಮಾಡಿಸಿದ ಕಿಟಕಿಗಳಿಗೆ ಲೆಕ್ಕವಿಲ್ಲ. ಯುದ್ಧದಲ್ಲಿ ಸತ್ತವರ ದೇಹಗಳನ್ನು ಊರಿಗೆ ತರಬಾರದೆಂದು ಬ್ರಿಟಿಷ್ ಸರ್ಕಾರ ನಿಲ್ಲಿಸಿದ್ದರಿಂದ ಸಮಾಧಿಯಿಲ್ಲದ ಮನೆಗಳಿಗೆ ಕಿಟಕಿಯೇ ಸಮಾಧಿಯಾಯಿತು. ಯೋಧರಾದ ಸಂತ ಜಾರ್ಜ್, ಪ್ರಧಾನ ದೂತ ಮಿಖಾಯೇಲ ಅಷ್ಟೊಂದು ಕಡೆ ಕಾಣಿಸುವುದು ಅದಕ್ಕೇ. ನಮ್ಮ ದೇಶದಲ್ಲಿಯೂ ದೊಡ್ಡ ಉದಾಹರಣೆಗಳಿವೆ. ಕೋಲ್ಕತ್ತದ ಸಂತ ಪೌಲರ ಕ್ಯಾಥೆಡ್ರಲ್‌ನ ಪಶ್ಚಿಮದ ಕಿಟಕಿ 1872ರಲ್ಲಿ ಅಂಡಮಾನಿನಲ್ಲಿ ಕೊಲೆಯಾದ ವೈಸ್‌ರಾಯ್ ಲಾರ್ಡ್ ಮೇಯೋ ಅವರ ಸ್ಮಾರಕ, ಇಂಗ್ಲಿಷ್ ಚಿತ್ರಕಾರ ಎಡ್ವರ್ಡ್ ಬರ್ನ್-ಜೋನ್ಸ್ ರಚಿಸಿದ್ದು. 1863ರಲ್ಲಿ ತೀರಿಕೊಂಡ ಇನ್ನೊಬ್ಬ ವೈಸ್‌ರಾಯ್ ಲಾರ್ಡ್ ಎಲ್ಗಿನ್ ಸಮಾಧಿಯಿರುವ ಧರ್ಮಶಾಲಾದ ಚರ್ಚಿಗೆ ಅವರ ಪತ್ನಿ ಕೊಟ್ಟ ಬಣ್ಣದ ಗಾಜಿನ ಕಿಟಕಿಗಳು ಇಂದಿಗೂ ಅಲ್ಲಿವೆ. ಆದರೆ ಸಾಮಾನ್ಯವಾಗಿ ಕಿಟಕಿಯ ಕೆಳಗೆ ಯಾರನ್ನೂ ಹೂಳಿರುವುದಿಲ್ಲ. ನಿಮ್ಮ ದೊರೆಸಾನಿ ದಂಡಿನ ಸ್ಮಶಾನದಲ್ಲಿರಬಹುದು, ಬೇರೆ ಊರಿನಲ್ಲಿಯೂ ಇರಬಹುದು. ಬೆಂಗಳೂರು ದಂಡಿನ ಚರ್ಚಿನ ದಾಖಲೆಗಳು ಆಗ ಮದರಾಸಿಗೆ ಸೇರಿದ್ದವು. ಸಮಾಧಿ ದಾಖಲೆಗಳ ನಕಲುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. 1884ರ ಪುಟದಲ್ಲಿ ಹುಡುಕಿಸಿದರೆ ಆಕೆಯ ವಯಸ್ಸಾದರೂ ತಿಳಿದೀತು.

ಈಗ ಮುಖದ ವಿಷಯ. ಮನೆತನ ಅಳಿದದ್ದಕ್ಕೂ ಮುಖ ಅಳಿದದ್ದಕ್ಕೂ ಸಂಬಂಧವಿಲ್ಲ, ಬಿಸಿಲಿಗೂ ಸಂಬಂಧವಿಲ್ಲ. ಕಿಟಕಿಯ ಕೆಂಪು, ನೀಲಿ, ಹಸಿರುಗಳು ಗಾಜು ಕರಗಿಸುವಾಗಲೇ ಸೇರಿಸಿದ ಬಣ್ಣಗಳು. ನೀಲಿ ಕೋಬಾಲ್ಟಿನದು, ಕೆಂಪು ಹೆಚ್ಚಾಗಿ ತಾಮ್ರದ್ದು. ಇವು ಬಿಸಿಲಿಗೆ ಮಾಸುವುದಿಲ್ಲ. (ಕೆಂಪಿನಲ್ಲಿ ಚಿನ್ನವಿದೆಯೆಂದು ಆಸೆಪಡುವವರನ್ನು ಪ್ರತಿ ಊರಿನಲ್ಲಿಯೂ ಕಂಡಿದ್ದೇನೆ. ಕೆಲವು ಗುಲಾಬಿ ಗಾಜುಗಳಿಗೆ ಚಿನ್ನ ಬಳಸುತ್ತಿದ್ದದ್ದು ನಿಜ, ಆದರೆ ಕರಗಿಸಿದರೆ ಕೂಲಿಯೂ ಹುಟ್ಟದು.) ಮುಖದ ಹುಬ್ಬು, ಕಣ್ಣು, ನೆರಳು ಮಾತ್ರ ಬೇರೆ ಸಂಗತಿ. ಅವು ಕಬ್ಬಿಣ ಅಥವಾ ತಾಮ್ರದ ಆಕ್ಸೈಡನ್ನು ಗಾಜಿನ ಪುಡಿಯೊಂದಿಗೆ ಅರೆದು, ಕುಂಚದಿಂದ ಬರೆದು, ಸುಮಾರು 650 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಗಾಜಿಗೆ ಕೂಡಿಸಿದ ಗೆರೆಗಳು. 1860ರಿಂದ 1880ರ ದಶಕದವರೆಗೆ ಹಲವು ಇಂಗ್ಲಿಷ್ ಕಾರ್ಖಾನೆಗಳು ಈ ಬಣ್ಣ ಬೇಗ ಕರಗಲೆಂದು ಅದಕ್ಕೆ ಬಿಳಿಗಾರ ಸೇರಿಸಿದವು. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಅದೇ ಬಿಳಿಗಾರ. ಗೂಡಿನಿಂದ ತೆಗೆದಾಗ ಬಣ್ಣ ಸೊಗಸಾಗಿ ಕಂಡಿತು, ಆದರೆ ತೇವ ತಗುಲುತ್ತಾ ಬಂದಂತೆ ಪುಡಿಪುಡಿಯಾಗಿ ಉದುರತೊಡಗಿತು. ಇಂಗ್ಲೆಂಡಿನಲ್ಲಿಯೇ ಆ ಕಾಲದ ಅನೇಕ ಸಂತರಿಗೆ ಈಗ ಮುಖವಿಲ್ಲ. ನಿಮ್ಮ ಕಿಟಕಿಯ ಕಾಲ ಸರಿಯಾಗಿ ಆ ಅವಧಿಗೇ ಬೀಳುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಹೊರಗೆ ಕತ್ತಲಾದ ಮೇಲೆ, ಗಾಜನ್ನು ಮುಟ್ಟದೆ, ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿದು ಒಳಗಿನಿಂದ ನೋಡಿ. ಹಗಲಿನಲ್ಲಿ ಬರಿದಾಗಿ ಕಾಣುವ ಮುಖದ ಜಾಗದಲ್ಲಿ, ಬಣ್ಣ ಕೂತಿದ್ದ ಕಡೆಯೆಲ್ಲ ಗಾಜಿನ ಹೊಳಪು ಕುಂದಿರುವುದರಿಂದ, ಕಣ್ಣು ಮೂಗುಗಳ ನೆರಳಿನಂಥ ಗುರುತು ಕಂಡರೂ ಕಾಣಬಹುದು. ಕಂಡರೆ ಫೋಟೋ ತೆಗೆದಿಡಿ. ಮುಂದೆ ಮುಖವನ್ನು ಬರೆಯುವವರಿಗೆ ಅದಕ್ಕಿಂತ ದೊಡ್ಡ ಆಧಾರ ಇರದು. ಒರೆಸಲು ಮಾತ್ರ ಯಾರನ್ನೂ ಬಿಡಬೇಡಿ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಾನೇ ಒಂದು ಹಳೆಯ ದೇವದೂತನ ಕೆನ್ನೆಯ ಧೂಳನ್ನು ಒದ್ದೆ ಹತ್ತಿಯಿಂದ ಒಮ್ಮೆ ಸವರಿದೆ. ಹತ್ತಿ ಕಂದುಬಣ್ಣಕ್ಕೆ ತಿರುಗಿತು, ಧೂಳು ಹೋಯಿತೆಂದುಕೊಂಡು ತಲೆಯೆತ್ತಿ ನೋಡಿದರೆ ಎಡ ಹುಬ್ಬು ಇರಲಿಲ್ಲ. ಆ ಹತ್ತಿಯ ಉಂಡೆಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಇಂದಿಗೂ ಮೇಜಿನ ಮೇಲಿಟ್ಟುಕೊಂಡಿದ್ದೇನೆ.

ಅಳಿಸಿದ ಮುಖ ಆಕೆಯದೇ ಆಗಿತ್ತೇ ಎಂದು ನೀವು ಕೇಳಿಲ್ಲ, ಆದರೆ ಸಭೆಯಲ್ಲಿ ಕೇಳುವವರು ಇದ್ದೇ ಇರುತ್ತಾರೆ. ಕೆಲವು ಕುಟುಂಬಗಳು ಫೋಟೋ ಕಳಿಸಿ, ಸತ್ತ ಮಗನ ಮುಖವನ್ನೇ ಸಂತ ಜಾರ್ಜನಿಗೆ ಬರೆಸಿದ್ದುಂಟು. ಹೆಚ್ಚಿನ ಕಾರ್ಖಾನೆಗಳು ಮಾತ್ರ ಒಂದೇ ನಕ್ಷೆಯನ್ನು ಹತ್ತು ಚರ್ಚುಗಳಿಗೆ ಬಳಸುತ್ತಿದ್ದವು. ನಿಮ್ಮ ದೊರ್ಕಳ ಅವಳಿ ಇಂಗ್ಲೆಂಡಿನ ಯಾವುದೋ ಹಳ್ಳಿಯಲ್ಲಿ ಮುಖಸಮೇತ ನಿಂತಿರಲೂಬಹುದು. ಅವಳನ್ನು ಹುಡುಕಬೇಕಾದರೆ ತಯಾರಕರ ಗುರುತು ಬೇಕು. ಅಡಿಯ ಮೂಲೆಗಳನ್ನು ಕಣ್ಣಿಟ್ಟು ನೋಡಿ: ಚಾರ್ಲ್ಸ್ ಈಮರ್ ಕೆಂಪ್ ಅವರ ಹಲವು ಕಿಟಕಿಗಳಲ್ಲಿ ಗೋಧಿಯ ಸಿವುಡು ಇರುತ್ತದೆ, ಪವೆಲ್ ಕಂಪನಿಯವರು ಮುಂದೆ ಬಿಳಿ ನಿಲುವಂಗಿಯ ಪುಟ್ಟ ಸನ್ಯಾಸಿಯನ್ನು ಬಳಸಿದರು. ಕೆಲವರು ಏನನ್ನೂ ಹಾಕುತ್ತಿರಲಿಲ್ಲ.

ಉಬ್ಬಿನ ಬಗ್ಗೆ ಮೊದಲು ಒಂದು ತಪ್ಪು ಕಲ್ಪನೆಯನ್ನು ಪಕ್ಕಕ್ಕಿಡೋಣ. ಗಾಜು ದ್ರವವಾದ್ದರಿಂದ ನೂರಾರು ವರ್ಷಗಳಲ್ಲಿ ಕೆಳಕ್ಕೆ ಹರಿದು ಬುಡದಲ್ಲಿ ದಪ್ಪವಾಗುತ್ತದೆ ಎಂದು ಇಂಜಿನಿಯರುಗಳೇ ನನಗೆ ಹೇಳಿದ್ದಾರೆ. ಅದು ನಿಜವಲ್ಲ. ಹಳೆಯ ಗಾಜನ್ನು ಊದಿ ಮಾಡುತ್ತಿದ್ದರು, ಆದ್ದರಿಂದ ದಪ್ಪ ಏರುಪೇರು. ನಿಮ್ಮಲ್ಲಿ ಬಾಗಿರುವುದು ಸೀಸ. ಗಾಜಿನ ತುಂಡುಗಳನ್ನು ಹಿಡಿದಿರುವ ಸೀಸದ ಪಟ್ಟಿಗಳು ದಿನದ ಬಿಸಿಲಿಗೆ ಹಿಗ್ಗಿ ರಾತ್ರಿಯ ತಂಪಿಗೆ ಕುಗ್ಗುತ್ತಾ, ಸಂದಿನಲ್ಲಿರುವ ಅಗಸೆ ಎಣ್ಣೆ ಮತ್ತು ಸೀಮೆಸುಣ್ಣದ ಪುಟ್ಟಿ ಒಣಗಿ ಉದುರುತ್ತಾ, ಸುಮಾರು 100ರಿಂದ 150 ವರ್ಷಗಳಲ್ಲಿ ಸೋಲುತ್ತವೆ. ಮೇಲಿನ ಭಾರವೆಲ್ಲ ಕೆಳಗಿನ ಫಲಕದ (ಸೀಸದಲ್ಲಿ ಜೋಡಿಸಿದ ಗಾಜಿನ ಹಲಗೆಯ) ಮೇಲೆ ಬೀಳುವುದರಿಂದ ಮೊದಲು ಉಬ್ಬುವುದೂ ಅದೇ. ಕಿಟಕಿಗೆ ಅಡ್ಡಲಾಗಿರುವ ಕಬ್ಬಿಣದ ಸರಳುಗಳಿಗೆ ಫಲಕವನ್ನು ತಾಮ್ರದ ತಂತಿಯಿಂದ ಕಟ್ಟಿರುತ್ತಾರೆ. ಆ ಕಟ್ಟುಗಳು ತುಂಡಾಗಿದ್ದರೆ ಉಬ್ಬು ಬೇಗ ಬೆಳೆಯುತ್ತದೆ. ಸರಳಿನ ತುದಿ ತುಕ್ಕು ಹಿಡಿದು ದಪ್ಪಗಾಗಿ ಕಲ್ಲನ್ನು ಸೀಳುತ್ತಿದೆಯೇ ಎಂಬುದನ್ನೂ ನೋಡಬೇಕು.

ನಿಮ್ಮ ಮುಂದಿರುವ ದಾರಿಗಳಲ್ಲಿ ಪ್ರಿಂಟ್ ಹೊಡೆದ ಗಾಜನ್ನು ಕೂಡಲೇ ಬಿಟ್ಟುಬಿಡಬಹುದು. ಆಗ ನಿಮ್ಮ ಬಳಿ ಕಿಟಕಿ ಇರುವುದಿಲ್ಲ, ಕಿಟಕಿಯ ಫೋಟೋ ಇರುತ್ತದೆ. ಸಿಲಿಕೋನ್ ಹಾಕಿದ ಕಡೆ ಮುಂದೆ ಸೀಸವನ್ನು ಬಿಚ್ಚಬೇಕೆಂದರೆ ಗಾಜು ಒಡೆಯುವುದೇ ಹೆಚ್ಚು. ಪಾಲಿಕಾರ್ಬೊನೇಟ್ ಹಾಳೆಯ ಅಪಾಯ ಬೇರೆ ಬಗೆಯದು: ಗಾಳಿಯಾಡದಂತೆ ಮುಚ್ಚಿದರೆ ಒಳಗಿನ ಸಂದು ಹಗಲಿನಲ್ಲಿ ಒಲೆಯಂತೆ ಕಾಯುತ್ತದೆ, ಮಳೆಗಾಲದ ರಾತ್ರಿಗಳಲ್ಲಿ ಅಲ್ಲಿಯೇ ತೇವ ಕಟ್ಟುತ್ತದೆ. ಬಿಳಿಗಾರದ ಬಣ್ಣಕ್ಕೆ ತೇವವೇ ಶತ್ರು ಎಂದ ಮೇಲೆ, ಅಳಿದುಳಿದ ಗೆರೆಗಳಿಗೂ ಕುತ್ತು ತಂದಂತೆ. ಹಾಳೆಯಂತೂ ಕೆಲವು ವರ್ಷಗಳಲ್ಲಿ ಹಳದಿಯಾಗಿ ಕಿಟಕಿಗೆ ಪೊರೆ ಬಂದಂತಾಗುತ್ತದೆ. ಚೆಂಡು, ಕಲ್ಲುಗಳ ಭಯವಿದ್ದರೆ ಹೊರಗೆ ನಾಲ್ಕು ಬೆರಳು ಅಂತರದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಹಾಕಿಸಿ. ಗಾಜೇ ಬೇಕೆಂದರೆ ಮೇಲೂ ಕೆಳಗೂ ಗಾಳಿ ಓಡಾಡಲು ಜಾಗ ಬಿಟ್ಟು, ಗಟ್ಟಿಗೊಳಿಸಿದ ಗಾಜನ್ನು ಬೇರೆ ಚೌಕಟ್ಟಿನಲ್ಲಿ ನಿಲ್ಲಿಸಬೇಕು. ಹಣ ಹೆಚ್ಚಾಗುತ್ತದೆ, ಫಲವೂ ಚೆನ್ನಾಗಿರುತ್ತದೆ.

ಹಾಗೆಂದು ಇಡೀ ಕಿಟಕಿಯನ್ನು ಬಿಚ್ಚಿ ಹೊಸ ಸೀಸ ಹಾಕಿಸಬೇಕೆಂದು ನಾನು ಹೇಳುವುದಿಲ್ಲ. ಬಿಚ್ಚಿದಾಗಲೆಲ್ಲ ಒಂದಷ್ಟು ಗಾಜು ಒಡೆಯುತ್ತದೆ, ಒಂದಷ್ಟು ಬಣ್ಣ ಉದುರುತ್ತದೆ, ಒಂದಷ್ಟು ತುಂಡುಗಳು ಸ್ಥಳ ತಪ್ಪುತ್ತವೆ. ಇದಕ್ಕೆ ಸಾಕ್ಷಿ ನಿಮ್ಮ ಅಡಿಬರಹದಲ್ಲಿಯೇ ಇದೆ. ಕೊನೆಯ ತುಂಡಿನ ಅಕ್ಷರಗಳು ತಿರುಗಿರುವುದೆಂದರೆ ಹಿಂದೊಮ್ಮೆ ದುರಸ್ತಿ ಮಾಡಿದವರು ಇಂಗ್ಲಿಷ್ ಓದಲು ಬಾರದೆಯೋ ಅವಸರದಲ್ಲಿಯೋ ಅದನ್ನು ಒಳಹೊರಗು ಮಾಡಿ ಕೂರಿಸಿದ್ದಾರೆ. ಹೊಳಪಿರುವ ಕಡೆ ಯಾವುದು, ಬರೆದ ಕಡೆ ಯಾವುದು ಎಂದು ನೋಡಿದರೂ ಸಾಕಿತ್ತು. ಒಳಗಿರಬೇಕಾದ ಬಣ್ಣ ಅಂದಿನಿಂದ ಮಳೆಗೆ ಮೈಯೊಡ್ಡಿಕೊಂಡಿದೆ. ಇಡೀ ಕಿಟಕಿಯಲ್ಲಿ ಅತ್ಯಂತ ತುರ್ತಿನ ತುಂಡು ಅದು, ಮುಖವಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ಉಬ್ಬಿರುವ ಕೆಳಗಿನ ಫಲಕಗಳನ್ನು, ಅಡಿಬರಹದ ಪಟ್ಟಿಯೊಂದಿಗೆ, ಬಿಚ್ಚಿಸಿ ಕಾರ್ಯಾಗಾರಕ್ಕೆ ಒಯ್ಯಲಿ. ಅಷ್ಟಕ್ಕೆ ಮಾತ್ರ ಹೊಸ ಸೀಸ ಬರಲಿ. ಬಿಚ್ಚುವ ಮೊದಲು ಪ್ರತಿ ಫಲಕದ ಮೇಲೆ ಕಾಗದವಿಟ್ಟು, ಬಣ್ಣ ಗಟ್ಟಿಯಾಗಿರುವ ಕಡೆ ಮಾತ್ರ ಸೀಸದ ಗೆರೆಗಳನ್ನು ಉಜ್ಜಿ ಪಡಿಯಚ್ಚು ತೆಗೆದು, ಅದರ ಮೇಲೆ ಸಂಖ್ಯೆ ಬರೆಯಬೇಕು. ಗಾಜಿನ ಮೇಲೆ ಮಾರ್ಕರ್‌ನಲ್ಲಿ ಬರೆಯುವವರನ್ನು ಅಲ್ಲಿಯೇ ತಡೆಯಿರಿ. ಮೇಲಿನ ಫಲಕಗಳಿಗೆ ತಂತಿಯ ಕಟ್ಟುಗಳನ್ನು ಹೊಸದಾಗಿ ಹಾಕಿ, ಸಂದಿಗೆ ಪುಟ್ಟಿ ತುಂಬಿದರೆ ಸದ್ಯಕ್ಕೆ ಸಾಕು. ಹಳೆಯ ಸೀಸದ ಬಿಳಿ ಪುಡಿ ವಿಷವಾದ್ದರಿಂದ ಕೆಲಸ ಮುಗಿಯುವವರೆಗೆ ಸಂಡೇ ಸ್ಕೂಲಿನ ಮಕ್ಕಳನ್ನು ಆ ಬದಿಗೆ ಬಿಡಬೇಡಿ. ಮುಖಕ್ಕೆ ಸಂಬಂಧಿಸಿದಂತೆ, ಹಳೆಯ ಗಾಜಿನ ಮೇಲೆ ಮತ್ತೆ ಬಣ್ಣ ಬರೆದು ಸುಡಲು ಯಾರಾದರೂ ಮುಂದಾದರೆ ಒಪ್ಪಬೇಡಿ. ಗೂಡಿನಲ್ಲಿ ಹಳೆಯ ಗಾಜು ಬಿರಿದರೆ ಹೋಯಿತು. ತೆಳುವಾದ ಬೇರೊಂದು ಗಾಜಿನ ಮೇಲೆ ಮುಖದ ಗೆರೆಗಳನ್ನು ಬರೆದು ಸುಟ್ಟು, ಅದನ್ನು ಮೂಲ ಗಾಜಿನ ಹಿಂದೆ ಕೂರಿಸುವ ಕ್ರಮವಿದೆ. ಬೇಡವೆನಿಸಿದಾಗ ತೆಗೆಯಬಹುದು. ನನ್ನನ್ನು ಕೇಳಿದರೆ, ನೆರಳಿನ ಗುರುತಾಗಲಿ ಅವಳಿ ಕಿಟಕಿಯಾಗಲಿ ಸಿಗದಿದ್ದರೆ ಮುಖವನ್ನು ಕಲ್ಪಿಸಿಕೊಂಡು ಬರೆಸುವುದಕ್ಕಿಂತ ಬರಿದಾಗಿಯೇ ಬಿಡುವುದು ಮೇಲು. ಇದರಲ್ಲಿ ನನ್ನ ಜೊತೆಗಾರರೇ ಎಲ್ಲರೂ ಒಪ್ಪುವುದಿಲ್ಲ.

ಇನ್ನು ಹೆಸರು. ಗೋಡೆಗೆ ಕೂರಿಸಿದ ಕಿಟಕಿ ಕಟ್ಟಡದ ಭಾಗವೇ ಆಗುತ್ತದೆ, ಕೊಟ್ಟವರ ವಂಶಸ್ಥರು ಬಂದು ಒಯ್ಯುವ ವಸ್ತುವಾಗಿ ಉಳಿಯುವುದಿಲ್ಲ. ಹಾಗೆಯೇ ಇಂದು ಸಭೆಯಲ್ಲಿರುವವರು ಮನಸ್ಸಿಗೆ ಬಂದಂತೆ ಬದಲಿಸುವ ವಸ್ತುವೂ ಆಗುವುದಿಲ್ಲ. ಇಂಗ್ಲೆಂಡಿನ ಆಂಗ್ಲಿಕನ್ ಚರ್ಚುಗಳಲ್ಲಿ ಇಂಥ ಬದಲಾವಣೆಗೆ ಡಯಾಸಿಸ್‌ನ (ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶದ) ಚರ್ಚ್ ನ್ಯಾಯಾಲಯದ ಅನುಮತಿಯೇ ಬೇಕು. ನಿಮ್ಮಲ್ಲಿ ಪಾಸ್ಟರೇಟ್ ಕಮಿಟಿಯ ನಿರ್ಣಯ ಮಾತ್ರ ಸಾಲದು. ಚರ್ಚಿನ ಆಸ್ತಿ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿದ್ದರೆ ಡಯಾಸಿಸ್‌ನ ಲಿಖಿತ ಒಪ್ಪಿಗೆ ಪಡೆದೇ ಕೈ ಹಾಕಿ.

ಕಾನೂನಿನ ಮಾತು ಹಾಗಿರಲಿ. ಪರಕೀಯ ದೊರೆಗಳ ಹೆಸರನ್ನು ನಾವೇಕೆ ಹೊತ್ತುಕೊಂಡಿರಬೇಕು ಎಂಬ ಪ್ರಶ್ನೆ ನಿಮ್ಮ ಪತ್ರದ ಸಾಲುಗಳ ನಡುವೆ ಇದೆ, ಅದು ಸಣ್ಣ ಪ್ರಶ್ನೆಯೂ ಅಲ್ಲ. ಯುದ್ಧ ಗೆದ್ದ ದರ್ಪವನ್ನು ಕೆತ್ತಿದ ಫಲಕಗಳೂ ನಮ್ಮ ಚರ್ಚುಗಳಲ್ಲಿವೆ. ಅವುಗಳ ಬಗ್ಗೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಇಲ್ಲಿರುವುದು ಪರದೇಶದಲ್ಲಿ ತೀರಿಕೊಂಡ ಒಬ್ಬ ಹೆಂಗಸಿನ ಹೆಸರು. ಆ ಹೆಸರನ್ನು ತೆಗೆದರೆ ದೊರ್ಕ ಅಲ್ಲಿ ಏಕೆ ನಿಂತಿದ್ದಾಳೆ ಎಂಬುದಕ್ಕೆ ಉತ್ತರವೇ ಇರುವುದಿಲ್ಲ. ನಿಮ್ಮ ತಾಯಿಯ ಹೆಸರು ಅವಳ ಕೆಳಗೆ ಬಂದರೆ ಬೇರೊಬ್ಬರಿಗೆ ಹೊಲಿದ ಅಂಗಿಯನ್ನು ಅವರಿಗೆ ತೊಡಿಸಿದಂತೆ.

ನಿಮ್ಮ ತಾಯಿಗೆ ಅವರದೇ ಜಾಗ ಸಿಗಲಿ. ಸುಲಭದ ದಾರಿಯೆಂದರೆ, ಕಿಟಕಿಯ ಕೆಳಗಿನ ಗೋಡೆಯಲ್ಲಿ ಹಿತ್ತಾಳೆಯದೋ ಕಲ್ಲಿನದೋ ಚಿಕ್ಕ ಫಲಕ: ಈ ಕಿಟಕಿಯನ್ನು ಇಂಥವರ ನೆನಪಿಗಾಗಿ ಅವರ ಮಕ್ಕಳು ಇಂಥ ವರ್ಷ ದುರಸ್ತಿ ಮಾಡಿಸಿದರು ಎಂದು. ಅದು ನಿಜವಾದ ಮಾತೂ ಹೌದು. ಕೊಡುಗೆಯವರ ಹೆಸರೇ ದೊಡ್ಡದಾಗಬಾರದೆಂಬ ಎಚ್ಚರವೂ ಇಂಥ ಕಿಟಕಿಗಳ ಪರಂಪರೆಯಲ್ಲಿದೆ. 1963ರಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್ ನಗರದ ಚರ್ಚಿನಲ್ಲಿ ಬಾಂಬು ಸಿಡಿದು ನಾಲ್ವರು ಹುಡುಗಿಯರು ಸತ್ತಾಗ, ವೇಲ್ಸ್ ಜನರು ಹೊಸ ಕಿಟಕಿಗಾಗಿ ಹಣ ಕೂಡಿಸಿದರು. ಯಾರೂ ಅರ್ಧ ಕ್ರೌನ್ ಎಂಬ ಆಗಿನ ಸಣ್ಣ ನಾಣ್ಯಕ್ಕಿಂತ ಹೆಚ್ಚು ಕೊಡಬಾರದೆಂದು ಕಟ್ಟು ಹಾಕಿಕೊಂಡಿದ್ದರು. ಕಿಟಕಿಯಲ್ಲಿ ಯಾವ ದಾನಿಯ ಹೆಸರೂ ಇಲ್ಲ, ವೇಲ್ಸ್ ಜನರ ಕೊಡುಗೆ ಎಂದಷ್ಟೇ ಇದೆ.

ಹಣವೂ ಉತ್ಸಾಹವೂ ಇದ್ದರೆ, ನಿಮ್ಮ ಚರ್ಚಿನಲ್ಲಿ ಬರೀ ಗಾಜಿನ ಕಿಟಕಿ ಒಂದಾದರೂ ಇದ್ದೇ ಇರುತ್ತದಲ್ಲ, ಅದರಲ್ಲಿ ಹೊಸದೊಂದು ಫಲಕ ಮಾಡಿಸಿ. ಇಂಗ್ಲೆಂಡಿನ ಕೆಂಟ್ ಪ್ರಾಂತದ ಟ್ಯೂಡ್ಲಿ ಎಂಬ ಹಳ್ಳಿಯಲ್ಲಿ, 1963ರಲ್ಲಿ 21ನೆಯ ವಯಸ್ಸಿಗೆ ದೋಣಿ ಮಗುಚಿ ಮುಳುಗಿದ ಸಾರಾ ಡಾವಿಗ್ಡೋರ್-ಗೋಲ್ಡ್‌ಸ್ಮಿಡ್ ನೆನಪಿಗೆ ಆಕೆಯ ತಂದೆತಾಯಿ ಚಿತ್ರಕಾರ ಮಾರ್ಕ್ ಶಗಾಲ್ ಅವರಿಂದ ಕಿಟಕಿ ಮಾಡಿಸಿದರು. ನೀಲಿ ನೀರಿನಲ್ಲಿ ತೇಲುವ ಹುಡುಗಿ, ಮೇಲೆ ಏಣಿ, ಅದರ ತುದಿಯಲ್ಲಿ ಕ್ರಿಸ್ತ. ಹಳೆಯ ಸಂಕೇತಗಳ ಪಟ್ಟಿಯನ್ನು ಹಿಡಿದು ಕೂರದೆ ಆಕೆಯ ಬದುಕಿನಿಂದಲೇ ಚಿತ್ರ ಹುಟ್ಟಿತು. ನರ್ಸ್ ಆಗಿದ್ದ ತಾಯಿಗೆ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಉಪಚರಿಸಿದ ಬೈಬಲಿನ ಒಳ್ಳೆಯ ಸಮಾರ್ಯದವನು ಹೊಂದುತ್ತಾನೆ, ಬರಿಯ ಒಂದು ದೀಪವೂ ಹೊಂದುತ್ತದೆ. ರೂಢಿಯ ಲಿಲ್ಲಿಯ ಬದಲು ಮಲ್ಲಿಗೆ ಬರೆಸಬಹುದೇ ಎಂದು ಒಬ್ಬರು ಕೇಳಿದ್ದರು. ಕ್ರಿಸ್ತನ ಯಾತನೆಯ ಹೂವೆಂದು (ಪ್ಯಾಷನ್ ಫ್ಲವರ್) ಯೂರೋಪಿನ ಕಿಟಕಿಗಳಲ್ಲಿ ಕಾಣುವ ಬಳ್ಳಿಯೇ ದಕ್ಷಿಣ ಅಮೆರಿಕದಿಂದ ಬಂದದ್ದು. ಮಲ್ಲಿಗೆಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಅಡಿಬರಹ ಕನ್ನಡದಲ್ಲಿರಲಿ, ಆದರೆ ಅದನ್ನು ಬರೆಯುವವರಿಗೆ ಮೊದಲೇ ಎರಡು ಮಾತು ಹೇಳಿ. ಇಂಗ್ಲಿಷಿಗೆ ಮೂರು ಅಂಗುಲದ ಪಟ್ಟಿ ಸಾಕಾಗುವ ಕಡೆ ನಮಗೆ ಒತ್ತಕ್ಷರಗಳಿಗಾಗಿ ಹೆಚ್ಚು ಎತ್ತರ ಬೇಕು. ಇಲ್ಲದಿದ್ದರೆ ‘ಸ್ಮರಣಾರ್ಥ’ ಎಂಬಲ್ಲಿ ಮಕಾರದ ಒತ್ತು ಸೀಸದ ಪಟ್ಟಿಯ ಅಡಿಗೆ ಹೋಗಿ ಓದುವವರಿಗೆ ‘ಸರಣಾರ್ಥ’ವಾಗುತ್ತದೆ. ಇನ್ನೊಂದು, ಹಿಂದಿನಿಂದ ಬೆಳಕು ಬಂದಾಗ ಅದು ಕಪ್ಪು ಗೆರೆಯ ಅಂಚುಗಳನ್ನು ತಿಂದು ಹಾಕುತ್ತದೆ. ಕಾಗದದ ಮೇಲೆ ಸರಿಯಾಗಿ ಕಂಡ ಅಕ್ಷರ ಕಿಟಕಿಯಲ್ಲಿ ಸೊರಗಿದಂತೆ ಕಾಣುತ್ತದೆ. ಆದ್ದರಿಂದ ಗೆರೆ ಸ್ವಲ್ಪ ದಪ್ಪವೇ ಇರಲಿ. ಒಂದು ಅಕ್ಷರವನ್ನು ಗಾಜಿನ ಮೇಲೆ ಬರೆಸಿ, ಅದೇ ಗೋಡೆಯಲ್ಲಿ, ಬೆಳಗಿನ ಆರಾಧನೆಯ ಹೊತ್ತಿನಲ್ಲಿ ಹಿಡಿದು, ಕೊನೆಯ ಬೆಂಚಿನಲ್ಲಿ ಕೂತು ಓದಿ ನೋಡಿ. ಓದಲಾದರೆ ಉಳಿದದ್ದನ್ನು ಬರೆಸಿ.